ಬ್ರೆನ್ನರ್ ಘಾಟಿ, ಗಯಟೆ ಮತ್ತು ಅಪ್ಪ

ಯುರೋಪಿಗೆ ಬಂದ ನಮ್ಮವರ ಟ್ರಿಪ್ ಪ್ಲಾನುಗಳನ್ನು ನೀವು ನೋಡಿರಬಹುದು. ಒಂದು ಎಕ್ಸೆಲ್ ಶೀಟು, ಅದರಲ್ಲಿ ಹತ್ತು ದಿನ, ಏಳು ದೇಶ, ಪ್ರತಿ ಸಾಲಿಗೂ ಒಂದು ಬಣ್ಣ. ಬೆಳಿಗ್ಗೆ ಆರಕ್ಕೆ ಹೊರಟು ಒಂದು ದೇಶದಲ್ಲಿ ತಿಂಡಿ, ಇನ್ನೊಂದರಲ್ಲಿ ಊಟ. ನಾನೂ ಮ್ಯೂನಿಕ್ಕಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಅಂಥದ್ದೇ ಒಂದು ಓಟ ಓಡಿದ್ದೆ. ಫೋಟೋಗಳು ಇವೆ, ನೆನಪು ಮಾತ್ರ ಪೆಟ್ರೋಲ್ ಬಂಕಿನ ಕಾಫಿಯದ್ದು!

2025ರ ಆಗಸ್ಟಿನಲ್ಲಿ ಅಪ್ಪ ಮೊದಲ ಸಲ ಇಲ್ಲಿಗೆ ಬಂದರು. ಅಪ್ಪ ಕಾಸರಗೋಡಿನ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು, ಕಲಿಸಿದ್ದು ಹೆಚ್ಚಾಗಿ ಚರಿತ್ರೆ. ನಾನು ಉತ್ಸಾಹದಿಂದ ನನ್ನ ಎಕ್ಸೆಲ್ ಶೀಟು ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, "ಇದೆಂತ ಮಾರಾಯ, ಬಸ್ಸಿನ ಟೈಂ ಟೇಬಲ್ ಹಾಗೆ ಉಂಟು. ನಿದ್ದೆ ಮಾಡ್ಲಿಕ್ಕೆ ನಾನು ಇಷ್ಟು ದೂರ ಬರಬೇಕಿತ್ತಾ? ಒಂದು ರಸ್ತೆ ತೋರಿಸು ಸಾಕು, ಸರಿಯಾಗಿ ತೋರಿಸು" ಅಂದರು. ಶೀಟು ಡಿಲೀಟ್ ಆಯಿತು.

ಒಂದು ರಸ್ತೆ ಅಂದರೆ ಯಾವುದು? ಮ್ಯೂನಿಕ್ಕಿನಲ್ಲಿ ಕೂತವನಿಗೆ ಆ ಪ್ರಶ್ನೆಗೆ ಉತ್ತರ ಸುಲಭ. ಇಲ್ಲಿಂದ ದಕ್ಷಿಣಕ್ಕೆ ಹೊರಟು, ಆಲ್ಪ್ಸ್ ಪರ್ವತವನ್ನು ಬ್ರೆನ್ನರ್ ಎಂಬ ಘಾಟಿಯಲ್ಲಿ ದಾಟಿ, ಇಟಲಿಯ ವೆರೋನಾಕ್ಕೆ ಇಳಿಯುವ ದಾರಿ. ಘಾಟಿಯ ಎತ್ತರ ಸುಮಾರು 1370 ಮೀಟರ್ ಅಷ್ಟೇ. ಆಲ್ಪ್ಸ್‌ನ ಮುಖ್ಯ ಸಾಲನ್ನು ದಾಟುವ ದೊಡ್ಡ ದಾರಿಗಳಲ್ಲಿ ಇದು ತಗ್ಗಿನದು, ಚಳಿಗಾಲದಲ್ಲೂ ದಾಟಬಹುದಾದದ್ದು. ಅದಕ್ಕೇ ರೋಮನ್ ಸೈನ್ಯ, ಪೋಪರ ಕೈಯಿಂದ ಕಿರೀಟ ಹಾಕಿಸಿಕೊಳ್ಳಲು ಹೊರಟ ಜರ್ಮನ್ ರಾಜರು, ವೆನಿಸ್ಸಿನ ಮೆಣಸು-ಬಟ್ಟೆಯ ವ್ಯಾಪಾರಿಗಳು, ಎಲ್ಲರೂ ಇಲ್ಲಿಂದಲೇ ಹೋದರು. ಚಿತ್ರಕಾರ ಡ್ಯೂರರ್ ಹೋದ. 1769ರ ಡಿಸೆಂಬರಿನಲ್ಲಿ 13 ವರ್ಷದ ಮೊಝಾರ್ಟ್ ಅಪ್ಪನ ಜೊತೆ ಹೋದ. 1786ರಲ್ಲಿ ಗಯಟೆ ಹೋದ.

ಮೋಟಾರುದಾರಿಯಲ್ಲಿ ಹೋದರೆ ಮ್ಯೂನಿಕ್ಕಿನಿಂದ ವೆರೋನಾ ಸುಮಾರು 430 ಕಿಮೀ, ಟ್ರಾಫಿಕ್ ಇಲ್ಲದಿದ್ದರೆ ಐದು ಗಂಟೆ. ನಾವು ಒಂಬತ್ತು ದಿನ ತೆಗೆದುಕೊಂಡೆವು. ಆಫೀಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು.

ನಿಧಾನವಾಗಿ ಹೋಗುವುದಕ್ಕೆ ಪ್ಲಾನ್ ಬೇಡ ಅಂದುಕೊಂಡಿದ್ದೆ. ತಪ್ಪು. ಬೇಗ ಹೋಗುವುದಕ್ಕಿಂತ ಜಾಸ್ತಿ ಬೇಕು. ಎಲ್ಲ ಏರ್ಪಾಡೂ ಬೇಗ ಹೋಗುವವರಿಗಾಗಿಯೇ ಇದೆ. ಫೋನಿನ ಮ್ಯಾಪು ಪ್ರತಿ ಎರಡು ನಿಮಿಷಕ್ಕೆ ನಮ್ಮನ್ನು ಮೋಟಾರುದಾರಿಗೆ ಎಳೆಯುತ್ತದೆ. "ಹೆದ್ದಾರಿ ಬೇಡ" ಅಂತ ಸೆಟ್ಟಿಂಗ್ ಹಾಕಿದರೂ ಅದಕ್ಕೆ ಒಳಗೊಳಗೇ ಬೇಸರ ಇದ್ದಂತೆ ಕಾಣುತ್ತದೆ. ಆಸ್ಟ್ರಿಯಾದಲ್ಲಿ ಮೋಟಾರುದಾರಿ ಬಳಸುವವರು ವಿನ್ಯೆಟ್ ಎಂಬ ಚೀಟಿ ಕೊಳ್ಳಬೇಕು, ಬ್ರೆನ್ನರ್ ಮೋಟಾರುದಾರಿಗೆ ಬೇರೆಯೇ ಸುಂಕ. ಹಳೇ ರಸ್ತೆಗೆ ಇದೆರಡೂ ಇಲ್ಲ. ಆದರೆ ಅಲ್ಲಿ ಇನ್ನೊಂದು ಕೊಕ್ಕೆ. ಮೋಟಾರುದಾರಿ ಕಟ್ಟಿಕೊಂಡಾಗ ಎಲ್ಲ ಕಾರುಗಳೂ ಹಳ್ಳಿಗಳ ಒಳಗೆ ನುಗ್ಗುತ್ತವೆ ಅಂತ ಟಿರೋಲ್ ಸರಕಾರ ರಜೆಯ ಸೀಸನ್ನಿನ ವೀಕೆಂಡುಗಳಲ್ಲಿ ಹಾದುಹೋಗುವ ವಾಹನಗಳು ಹಳ್ಳಿ ರಸ್ತೆಗೆ ಇಳಿಯದಂತೆ ನಿಷೇಧ ಹಾಕುತ್ತದೆ. ಅದರ ಮೇಲೆ, ಘಾಟಿಯ ಹತ್ತಿರದ ಲೂಗ್ ಸೇತುವೆ ಹಳತಾಗಿ 2025ರ ಜನವರಿಯಿಂದ ಅದರ ಮೇಲೆ ಒಂದೊಂದು ದಿಕ್ಕಿಗೆ ಒಂದೇ ಲೇನ್ ಮಾಡಿಬಿಟ್ಟರು. ಹಾಗಾಗಿ ಘಾಟಿ ದಾಟುವುದು ಬುಧವಾರ ಬೀಳುವ ಹಾಗೆ ಸೋಮವಾರ, ಸೆಪ್ಟೆಂಬರ್ 8ಕ್ಕೆ ಹೊರಟೆವು. ಗಯಟೆ ಬ್ರೆನ್ನರ್ ತಲುಪಿದ್ದೂ ಸೆಪ್ಟೆಂಬರ್ 8ಕ್ಕೇ ಎಂದು ಆಮೇಲೆ ಗೊತ್ತಾಗಿ ಖುಷಿಯಾಯಿತು. ನಮ್ಮ ನಿಯಮ ಎರಡೇ: ದಿನಕ್ಕೆ 80 ಕಿಮೀ ದಾಟಬಾರದು, ಕತ್ತಲಾದ ಮೇಲೆ ಓಡಿಸಬಾರದು.

ಗಯಟೆಯ ವಿಷಯ ಸ್ವಲ್ಪ ಹೇಳಬೇಕು. ಆಗ ಅವನಿಗೆ 37 ವರ್ಷ. ವೈಮಾರ್ ಸಂಸ್ಥಾನದಲ್ಲಿ ಮಂತ್ರಿ, ದೇಶವೆಲ್ಲ ಹೆಸರು. ಕಾರ್ಲ್ಸ್‌ಬಾಡ್‌ನಲ್ಲಿ ಗೆಳೆಯರ ಜೊತೆ ಹುಟ್ಟುಹಬ್ಬ ಮಾಡಿಕೊಂಡವನು ಸೆಪ್ಟೆಂಬರ್ 3ರ ಬೆಳಗಿನ ಜಾವ ಮೂರು ಗಂಟೆಗೆ ಯಾರಿಗೂ ಹೇಳದೆ ಕುದುರೆ ಗಾಡಿ ಹತ್ತಿ ಓಡಿಹೋದ. ಹೆಸರು ಕೂಡ ಬದಲಾಯಿಸಿಕೊಂಡು ಮೋಲರ್ ಎಂಬ ಸಾಮಾನ್ಯನ ಹಾಗೆ ಪ್ರಯಾಣ ಮಾಡಿದ. ಆಫೀಸಿನ ಕೆಲಸ ಸಾಕಾಗಿ ರಾಜೀನಾಮೆ ಕೊಡದೆ ಪರಾರಿಯಾಗುವ ಆಸೆ ನಮಗೆ ಯಾರಿಗಿಲ್ಲ ಹೇಳಿ :-) ಆ ಪ್ರಯಾಣದ ಪುಸ್ತಕ ಹೊರಬಂದದ್ದು ಮೂವತ್ತು ವರ್ಷ ಬಿಟ್ಟು, 1816-17ರಲ್ಲಿ.

ಈ ಪುಸ್ತಕದಲ್ಲಿ ನನಗೆ ಇಷ್ಟವಾದದ್ದು ಒಂದು ಗೊಣಗಾಟ. ಘಾಟಿಯ ಮೇಲಿನ ಛತ್ರದವನು, ಬೆಳದಿಂಗಳಿದೆ, ರಸ್ತೆ ಚೆನ್ನಾಗಿದೆ, ರಾತ್ರಿಯೇ ಹೊರಡಿ ಅಂತ ಪುಸಲಾಯಿಸಿದ. ಅವನಿಗೆ ಬೆಳಿಗ್ಗೆ ತನ್ನ ಹೊಲದ ಕೆಲಸಕ್ಕೆ ಕುದುರೆ ವಾಪಸ್ ಬೇಕಿತ್ತಂತೆ! ಗಯಟೆ ಹೊರಟ. ಗಾಡಿಯವರು ಓಡಿಸಿದ ರಭಸಕ್ಕೆ ಕಣ್ಣು ಕಿವಿ ಎರಡೂ ಮುಚ್ಚಿಹೋದವು. ಇಷ್ಟು ಚಂದದ ಊರುಗಳನ್ನು ಗೂಬೆಯ ಹಾಗೆ ರಾತ್ರಿಯಲ್ಲಿ, ಭಯಂಕರ ವೇಗದಲ್ಲಿ ದಾಟಿಬಿಟ್ಟೆನಲ್ಲ ಎಂದು ಟ್ರೆಂಟೋ ತಲುಪಿದ ಮೇಲೆ ಪೇಚಾಡಿಕೊಂಡಿದ್ದಾನೆ. ಕುದುರೆ ಗಾಡಿಯ ವೇಗ ಭಯಂಕರ! ನಾವು ಹೋದದ್ದು ಅವನು ಕತ್ತಲಲ್ಲಿ ಕಳೆದುಕೊಂಡ ಆ ಊರುಗಳನ್ನು ಹಗಲಲ್ಲಿ ನೋಡಲಿಕ್ಕೆ ಅಂತಲೇ ಅಂದುಕೊಳ್ಳಿ.

ನಿಜವಾದ ನಿಧಾನದ ಗುರು ಅವನಿಗಿಂತ ಇನ್ನೂರು ವರ್ಷ ಹಿಂದಿನ ಮೊಂಟೇನ್. ಫ್ರಾನ್ಸಿನವನು, ಪ್ರಬಂಧ ಎಂಬ ಪ್ರಕಾರವನ್ನೇ ಹುಟ್ಟುಹಾಕಿದವನು. ಮೂತ್ರಪಿಂಡದ ಕಲ್ಲಿನ ನೋವು ಇಟ್ಟುಕೊಂಡೇ, ದಾರಿಯುದ್ದಕ್ಕೂ ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನ ಮಾಡುತ್ತಾ 1580ರ ಅಕ್ಟೋಬರಿನಲ್ಲಿ ಇದೇ ಘಾಟಿ ದಾಟಿದ. ಜೊತೆಗಿದ್ದವರು ನೇರ ರೋಮಿಗೆ ಹೋಗೋಣ ಅಂದರೆ ಇವನು ಅಡ್ಡದಾರಿ ಹಿಡಿಯುತ್ತಿದ್ದ. ತಾನು ಈಗ ಎಲ್ಲಿದ್ದೇನೋ ಅಲ್ಲಿಗೇ ಹೊರಟಿದ್ದವನು ಎಂಬ ಅರ್ಥದ ಉತ್ತರ ಕೊಡುತ್ತಿದ್ದನಂತೆ. ಆಲ್ಪ್ಸ್ ಅಂದರೆ ಘೋರ ಅಂತ ಎಲ್ಲರೂ ಹೆದರಿಸಿದ್ದರು. ಅವನು ಕಂಡದ್ದು ಒಳ್ಳೇ ರಸ್ತೆ, ಒಳ್ಳೇ ಹವೆ, ಒಳ್ಳೇ ಛತ್ರ. ತನ್ನ ಎಂಟು ವರ್ಷದ ಮಗಳನ್ನು ತೋಟದಲ್ಲಿ ನಡೆಸಿದಷ್ಟೇ ಸಲೀಸಾಗಿ ಇಲ್ಲಿ ಕರೆದುಕೊಂಡು ಹೋಗಬಹುದು ಅಂದ. ಅವನ ಈ ದಿನಚರಿ ಒಂದು ಪೆಟ್ಟಿಗೆಯಲ್ಲಿ ಬಿದ್ದುಕೊಂಡಿದ್ದು 1770ರಲ್ಲಿ ಸಿಕ್ಕಿತು, 1774ರಲ್ಲಿ ಅಚ್ಚಾಯಿತು.

ಮೊದಲ ಎರಡು ದಿನ ವಾಲ್ಷೆನ್ ಸರೋವರ, ಮಿಟ್ಟೆನ್ವಾಲ್ಡ್, ಇನ್ಸ್‌ಬ್ರುಕ್. ಮಿಟ್ಟೆನ್ವಾಲ್ಡ್ ಪಿಟೀಲು ಮಾಡುವವರ ಊರು, 17ನೇ ಶತಮಾನದಿಂದ. ಆಸ್ಟ್ರಿಯಾದೊಳಗೆ ಝಿರ್ಲ್ ಎಂಬಲ್ಲಿ ರಸ್ತೆ ಇನ್ ನದಿಯ ಕಣಿವೆಗೆ ಧುಮುಕುತ್ತದೆ. ಇಳಿಜಾರು 16 ಶೇಕಡ, ಬ್ರೇಕ್ ಫೇಲ್ ಆದ ಲಾರಿಗಳಿಗಾಗಿ ಪಕ್ಕದಲ್ಲಿ ಜಲ್ಲಿಯ ಏರುದಾರಿಗಳು. ನಾನು ಎರಡನೇ ಗೇರಿನಲ್ಲಿ ಬೆವರುತ್ತಿದ್ದರೆ ಅಪ್ಪ, "ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಬಸ್ಸಿನ ಡ್ರೈವರ್ ಒಂದು ಕೈಯಲ್ಲಿ ಎಲೆಯಡಿಕೆ ಹಾಕ್ತಿದ್ದ" ಅಂದರು. ಇನ್ಸ್‌ಬ್ರುಕ್ ದಾಟಿ ಹಳೇ ರಸ್ತೆಯಲ್ಲಿ ಹೋಗುವಾಗ ತಲೆಯ ಮೇಲೆ 190 ಮೀಟರ್ ಎತ್ತರದಲ್ಲಿ ಯುರೋಪಾ ಸೇತುವೆ ಕಾಣುತ್ತದೆ. 1963ರಲ್ಲಿ ಮುಗಿದದ್ದು. ಕಟ್ಟುವಾಗ ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು, ಅವರ ನೆನಪಿಗೆ ಪಕ್ಕದಲ್ಲಿ ಒಂದು ಪುಟ್ಟ ಚಾಪೆಲ್ ಇದೆ. ಮೇಲಿನಿಂದ ಹೋಗುವವರಿಗೆ ಅದೊಂದು ಸೇತುವೆ ಅಂತಲೂ ಸರಿಯಾಗಿ ಗೊತ್ತಾಗುವುದಿಲ್ಲ, ಕೆಳಗಿನಿಂದ ನೋಡಬೇಕು.

ಬುಧವಾರ ಮಧ್ಯಾಹ್ನ ಘಾಟಿ ತಲುಪಿದೆವು. ನಿಜ ಹೇಳಬೇಕೆಂದರೆ ಬ್ರೆನ್ನರ್ ಊರು ಚಂದ ಇಲ್ಲ. ರೈಲ್ವೆ ಯಾರ್ಡು, ಲಾರಿಗಳ ಸದ್ದು, ಒಂದು ದೊಡ್ಡ ಔಟ್‌ಲೆಟ್ ಅಂಗಡಿ ಸಂಕೀರ್ಣ. ಫೋಟೋ ತೆಗೆಯುವಂಥದ್ದೇನೂ ಇಲ್ಲ. ಆದರೆ ಅಪ್ಪ ಅಲ್ಲಿ ಎರಡು ಗಂಟೆ ನಿಂತರು. ಇಲ್ಲಿ ಹುಟ್ಟುವ ಝಿಲ್ ಹೊಳೆ ಉತ್ತರಕ್ಕೆ ಹರಿದು ಇನ್, ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಐಸಾಕ್ ಹೊಳೆ ದಕ್ಷಿಣಕ್ಕೆ ಹರಿದು ಆಡಿಜೆ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಒಂದೇ ಮಳೆ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಪಾಲಾಗುವ ಹಾಗೆ.

ಈ ನೀರಿನ ಪಾಲೇ ಮುಂದಿನ ರಗಳೆಗೆಲ್ಲ ಮೂಲ. 1918ರ ತನಕ ಇಲ್ಲಿ ಗಡಿಯೇ ಇರಲಿಲ್ಲ. ಘಾಟಿಯ ಎರಡೂ ಬದಿ ಟಿರೋಲ್, ಆಸ್ಟ್ರಿಯಾದ್ದು, ಎರಡೂ ಬದಿ ಜರ್ಮನ್ ಮಾತು. ಮೊದಲ ಮಹಾಯುದ್ಧಕ್ಕೆ ಇಟಲಿಯನ್ನು ಎಳೆಯಲು ಬ್ರಿಟನ್, ಫ್ರಾನ್ಸ್, ರಷ್ಯಾಗಳು 1915ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಬ್ರೆನ್ನರ್ ತನಕದ ನೆಲವನ್ನು ಮಾತು ಕೊಟ್ಟವು. ಇಟಲಿಯ ವಾದ: ನೀರು ಎಲ್ಲಿ ಇಬ್ಭಾಗವಾಗುತ್ತದೋ ಅದೇ ಪ್ರಕೃತಿ ಹಾಕಿದ ಗಡಿ. ಇಟಲಿಯ ಗಡಿಯನ್ನು ಜನರ ರಾಷ್ಟ್ರೀಯತೆಯ ಗೆರೆಯ ಮೇಲೆ ಹಾಕಬೇಕು ಅಂತ ತಮ್ಮ 14 ಅಂಶಗಳಲ್ಲಿ ಹೇಳಿದ್ದ ಅಮೆರಿಕದ ಅಧ್ಯಕ್ಷ ವಿಲ್ಸನ್ ಕೂಡ ಇದಕ್ಕೆ ತಲೆಯಾಡಿಸಿದರು. 1919ರ ಸೆಪ್ಟೆಂಬರ್ 10ರ ಸಾಂ ಜರ್ಮೈನ್ ಒಪ್ಪಂದದಲ್ಲಿ ದಕ್ಷಿಣ ಟಿರೋಲ್ ಇಟಲಿಯದ್ದಾಯಿತು. 1910ರ ಜನಗಣತಿಯ ಪ್ರಕಾರ ಅಲ್ಲಿ ಜರ್ಮನ್ ಮಾತಾಡುವವರು ಸುಮಾರು 89 ಶೇಕಡ. ನಾವು ಘಾಟಿಯಲ್ಲಿ ನಿಂತಿದ್ದ ದಿನವೂ ಸೆಪ್ಟೆಂಬರ್ 10! ಅಪ್ಪನಿಗೆ ತಾರೀಕುಗಳೆಂದರೆ ಪ್ರಾಣ, ಅದನ್ನು ಕೇಳಿ ಅವರ ಮುಖ ನೋಡಬೇಕಿತ್ತು.

ಆಮೇಲೆ 1940ರ ಮಾರ್ಚ್ 18ರಂದು ಹಿಟ್ಲರ್ ಮತ್ತು ಮುಸೊಲಿನಿ ಭೇಟಿಯಾದದ್ದು ಇದೇ ರೈಲು ಸ್ಟೇಷನ್ನಿನಲ್ಲಿ. ಆಮೇಲೆ 1985ರಲ್ಲಿ ಶೆಂಗೆನ್ ಒಪ್ಪಂದ, ಕೊನೆಗೆ 1998ರ ಏಪ್ರಿಲ್ 1ಕ್ಕೆ ಇಲ್ಲಿನ ಗೇಟು ಎತ್ತಿದರು. ಅಪ್ಪನ ಪಾಸ್‌ಪೋರ್ಟಿನಲ್ಲಿ ಜರ್ಮನಿಯ ಒಂದೇ ವೀಸಾ, ಅದರಲ್ಲೇ ಮೂರು ದೇಶ. ಯಾರೂ ಕಾರು ನಿಲ್ಲಿಸಲಿಲ್ಲ. "ತಲಪಾಡಿ ಚೆಕ್‌ಪೋಸ್ಟಿನಲ್ಲಾದ್ರೂ ಒಮ್ಮೆ ಬಗ್ಗಿ ನೋಡ್ತಾರೆ" ಅಂತ ಅಪ್ಪನಿಗೆ ಸ್ವಲ್ಪ ನಿರಾಸೆ.

ಘಾಟಿ ಇಳಿದರೆ ಮೊದಲ ಪೇಟೆ ಸ್ಟೆರ್ಟ್ಸಿಂಗ್. ಅಲ್ಲಿ ಎರಡು ರಾತ್ರಿ ಇದ್ದೆವು. ಬೆಳ್ಳಿ ಗಣಿಯ ದುಡ್ಡಿನಲ್ಲಿ ಬೆಳೆದ ಊರು, ಒಂದೇ ಉದ್ದದ ಬೀದಿ, ತುದಿಗೆ 15ನೇ ಶತಮಾನದ ಗಡಿಯಾರ ಗೋಪುರ. ಊರಿನ ಬೋರ್ಡಿನಲ್ಲಿ ಎರಡು ಹೆಸರು: ಸ್ಟೆರ್ಟ್ಸಿಂಗ್, ವಿಪಿಟೆನೊ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಮುಂದಿನ ಎಲ್ಲ ಊರಿಗೂ ಹೀಗೇ ಎರಡೆರಡು ಹೆಸರು. ಅಪ್ಪ ಇದು ಯಾಕೆ ಅಂತ ಕೇಳಿದರು. ರಾತ್ರಿ ಕೂತು ಓದಿದೆ, ಬೆಳಿಗ್ಗೆ ತಿಂಡಿಗೆ ಕೂತು ಹೇಳಿದೆ, ಅವರು ಬ್ರೆಡ್ಡು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

ಎತ್ತೋರೆ ತೊಲೊಮೇಯಿ ಎಂಬ ಒಬ್ಬ ಇದ್ದ. ಈ ನೆಲವೆಲ್ಲ ಮೂಲತಃ ಇಟಲಿಯದ್ದೇ, ಹೆಸರುಗಳು ಮಾತ್ರ ಜರ್ಮನ್ನಾಗಿವೆ, ಅವನ್ನು "ವಾಪಸ್" ತರಬೇಕು ಎಂಬುದು ಅವನ ಜೀವಮಾನದ ಹಠ. 1916ರಲ್ಲಿ, ಅಂದರೆ ಈ ನೆಲ ಇಟಲಿಯ ಕೈಗೆ ಬರುವ ಮುಂಚೆಯೇ, ಊರು, ಬೆಟ್ಟ, ಹೊಳೆ ಅಂತ ಸಾವಿರಾರು ಇಟಾಲಿಯನ್ ಹೆಸರುಗಳ ಪಟ್ಟಿ ತಯಾರಾಗಿತ್ತು. ಸ್ಟೆರ್ಟ್ಸಿಂಗಿಗೆ ರೋಮನ್ ಕಾಲದ ವಿಪಿಟೇನುಮ್ ಎಂಬ ಹೆಸರು ಹುಡುಕಿ ತೆಗೆದ. ಕೆಲವನ್ನು ಅನುವಾದ ಮಾಡಿದ. ಏನೂ ಸಿಗದಿದ್ದರೆ ಕೊನೆಗೊಂದು ಸ್ವರ ಅಂಟಿಸಿದ: ಬ್ರೆನ್ನರ್ ಹೋಗಿ ಬ್ರೆನ್ನೆರೊ. ಫ್ಯಾಸಿಸ್ಟರು ಅಧಿಕಾರಕ್ಕೆ ಬಂದ ಮೇಲೆ, 1923ರ ಜುಲೈಯಲ್ಲಿ ಬೋಲ್ಝಾನೊದ ನಾಟಕಶಾಲೆಯಲ್ಲಿ ಅವನು 32 ಅಂಶಗಳ ಕಾರ್ಯಕ್ರಮ ಘೋಷಿಸಿದ. ಟಿರೋಲ್ ಎಂಬ ಹೆಸರಿಗೇ ನಿಷೇಧ. ಕಚೇರಿ, ಕೋರ್ಟು, ಬೋರ್ಡು ಎಲ್ಲ ಇಟಾಲಿಯನ್. ಗೋರಿಕಲ್ಲಿನ ಮೇಲೂ ಜರ್ಮನ್ ಅಕ್ಷರ ಕೆತ್ತಬಾರದು. ಅದೇ ವರ್ಷದ ಶಾಲಾ ಕಾನೂನಿನಿಂದ ಒಂದನೇ ಕ್ಲಾಸಿನಿಂದ ಶುರುವಾಗಿ ವರ್ಷಕ್ಕೊಂದು ತರಗತಿಯ ಹಾಗೆ ಜರ್ಮನ್ ಪಾಠ ನಿಂತುಹೋಯಿತು. ಜರ್ಮನ್ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು.

ಆಗ ಹುಟ್ಟಿದ್ದು "ನೆಲಮಾಳಿಗೆ ಶಾಲೆ"ಗಳು. ಮಿಖಾಯೆಲ್ ಗಾಂಪರ್ ಎಂಬ ಪಾದ್ರಿ, ರೋಮಿನಲ್ಲಿ ಮೊದಲ ಕ್ರೈಸ್ತರು ನೆಲದಡಿಯ ಕ್ಯಾಟಕೂಂಬುಗಳಲ್ಲಿ ಸೇರುತ್ತಿದ್ದರಲ್ಲ, ಹಾಗೆ ಕಲಿಸೋಣ ಅಂತ ಕರೆ ಕೊಟ್ಟರು. ಅಡುಗೆಮನೆ, ಕೊಟ್ಟಿಗೆ, ಅಟ್ಟಗಳಲ್ಲಿ ಐದಾರು ಮಕ್ಕಳನ್ನು ಕೂರಿಸಿ ಓದು ಬರಹ. ಕಲಿಸಿದವರು ಹೆಚ್ಚಿನವರೂ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಹೊಲಿಗೆ ಕ್ಲಾಸು ಅಂತ ಹೇಳಿ ಹೋಗುತ್ತಿದ್ದರು. ಪುಸ್ತಕಗಳು ಗಡಿಯಾಚೆಯಿಂದ ಕಳ್ಳಸಾಗಣೆ. ಆಂಗೆಲಾ ನಿಕೊಲೆಟ್ಟಿ ಎಂಬಾಕೆಯನ್ನು ಇದಕ್ಕಾಗಿ ಜೈಲಿಗೆ ಹಾಕಿದರು, ಊರಿನಿಂದ ಹೊರಹಾಕಿದರು. 1930ರಲ್ಲಿ ಕ್ಷಯದಿಂದ ಸತ್ತಾಗ ಆಕೆಗೆ 25 ವರ್ಷ. ನನಗಿಂತ ಚಿಕ್ಕವಳು.

ಅಪ್ಪ ಬ್ರೆಡ್ಡನ್ನು ತಟ್ಟೆಗೆ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಮಕ್ಕಳು ಬರ್ತಿದ್ರಲ್ಲ" ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ನಮ್ಮ ಊರು 1956ರ ನವೆಂಬರ್ 1ರ ತನಕ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅವತ್ತು ಉಳಿದ ಜಿಲ್ಲೆ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. 1967ರ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂದಿತು, ಅದು ಜಾರಿಯಾಗಲಿಲ್ಲ. ನಮ್ಮಲ್ಲೂ ಹೊಳೆಯೇ ಗೆರೆ ನೋಡಿ. ನಮ್ಮಲ್ಲೂ ಮಂಜೇಶ್ವರದ ಬಾಲಕ್ಕೆ ಒಂದು 'ಅಂ' ಸೇರಿ ಮಂಜೇಶ್ವರಂ ಆಗುತ್ತದೆ. ನಾನು ಉತ್ಸಾಹದಲ್ಲಿ, "ನೋಡಿ ಅಪ್ಪ, ನಮ್ಮದೇ ಕಥೆ" ಅಂದೆ. ಅಪ್ಪ ಒಪ್ಪಲಿಲ್ಲ. "ಅಲ್ಲ. ನಮ್ಮ ಶಾಲೆ ಯಾರೂ ಮುಚ್ಚಿಸಲಿಲ್ಲ. ಕನ್ನಡ ಕಲಿಸಿದ್ದಕ್ಕೆ ನನಗೆ ಕೇರಳ ಸರಕಾರವೇ ಸಂಬಳ ಕೊಟ್ಟಿದೆ, ಈಗ ಪೆನ್ಶನ್ನೂ ಕೊಡ್ತದೆ. ಗೋರಿ ಮೇಲೆ ಬರೀಬಾರದು ಅಂತ ಯಾರೂ ಹೇಳಲಿಲ್ಲ. ದೊಡ್ಡ ಮಾತು ಆಡಬಾರದು" ಅಂದರು. ಅವರು ಸೇರಿದಾಗ ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದರು. ಬಿಡುವಾಗ ಒಂಬತ್ತು. ಮಕ್ಕಳು ಹೋದದ್ದು ಮಲಯಾಳಕ್ಕೂ ಅಲ್ಲ, ಹೆಚ್ಚಿನವರು ಹೋದದ್ದು ಇಂಗ್ಲಿಷಿಗೆ. ಹೋದವರಲ್ಲಿ ಅವರ ಸ್ವಂತ ಮಗನೂ ಒಬ್ಬ. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನು ಐದನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಮ್ಮಿಗೆ ಹೋದದ್ದು ಅಮ್ಮನ ಹಠದಿಂದ. ಅಪ್ಪ ಆಗಲೂ ಏನೂ ಹೇಳಿರಲಿಲ್ಲ.

ಆ ದಿನ ಕಾರು ತೆಗೆಯಲಿಲ್ಲ. ಮಳೆ ಬರುತ್ತಿತ್ತು, ಬೀದಿಯಲ್ಲೇ ಸುತ್ತಿದೆವು. ಮಧ್ಯಾಹ್ನ ಶ್ಲುಟ್ಸ್‌ಕ್ರಾಫನ್ ಅಂತ ಪಾಲಕ್ ತುಂಬಿದ, ನಮ್ಮ ಕರ್ಜಿಕಾಯಿಯ ಆಕಾರದ ಒಂದು ತಿಂಡಿ ಸಿಕ್ಕಿತು. ಸಸ್ಯಾಹಾರಿಗಳು ನೆನಪಿಟ್ಟುಕೊಳ್ಳಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಇನ್ನೂ ಕೆಟ್ಟದ್ದಿತ್ತು. 1939ರ ಜೂನ್ 23ರಂದು ಹಿಟ್ಲರ್ ಮತ್ತು ಮುಸೊಲಿನಿಯ ಕಡೆಯವರು ಬರ್ಲಿನ್ನಿನಲ್ಲಿ ಕೂತು ಈ ಜನರಿಗೆ ಒಂದು ಆಯ್ಕೆ ಕೊಟ್ಟರು. ಜರ್ಮನಿಯ ಪೌರತ್ವ ತೆಗೆದುಕೊಂಡು ಮನೆ ಹೊಲ ಬಿಟ್ಟು ಹೋಗಿ, ಇಲ್ಲವೇ ಇಲ್ಲೇ ಇದ್ದು ಇಟಾಲಿಯನ್ನರಾಗಿ. ಭಾಷೆ ಬೇಕಾದರೆ ಊರು ಬಿಡು, ಊರು ಬೇಕಾದರೆ ಭಾಷೆ ಬಿಡು. ಡಿಸೆಂಬರ್ 31 ಕೊನೇ ದಿನ. 80 ಶೇಕಡಕ್ಕಿಂತ ಹೆಚ್ಚು ಜನ ಹೋಗುತ್ತೇವೆ ಅಂತ ಬರೆದುಕೊಟ್ಟರು. ಅಣ್ಣ ಹೋಗುವವನು, ತಮ್ಮ ಉಳಿಯುವವನು, ಒಂದೇ ಮನೆಯಲ್ಲಿ ಮಾತು ಬಿಟ್ಟರು. ಉಳಿಯುತ್ತೇವೆ ಅಂದವರಿಗೆ ದ್ರೋಹಿ ಅಂತ ಹೆಸರು. ಗಾಂಪರ್ ಉಳಿಯುವವರ ಪರ ನಿಂತರು. ಮಕ್ಕಳಿಗೆ ಗುಟ್ಟಾಗಿ ಜರ್ಮನ್ ಕಲಿಸಿದ ಮನುಷ್ಯನೇ ಹಿಟ್ಲರನ ಜರ್ಮನಿ ಬೇಡ ಅಂದದ್ದು. ಭಾಷೆಯ ಅಭಿಮಾನ ಬೇರೆ, ಆ ಭಾಷೆಯ ಹೆಸರಲ್ಲಿ ಆಳುವವನ ಹಿಂದೆ ಹೋಗುವುದು ಬೇರೆ ಅಂತ ಅಷ್ಟು ಗದ್ದಲದಲ್ಲಿ ಗೊತ್ತಾಗಿದ್ದು ಸಣ್ಣ ವಿಷಯವಲ್ಲ. ಯುದ್ಧ ನಡುವೆ ಬಂದು ನಿಜವಾಗಿ ಹೋದವರು ಸುಮಾರು 75,000, ಅವರಲ್ಲೂ ಎಷ್ಟೋ ಜನ ಆಮೇಲೆ ಹಿಂತಿರುಗಿದರು.

1946ರಲ್ಲಿ ಆಸ್ಟ್ರಿಯಾ-ಇಟಲಿ ಪ್ಯಾರಿಸ್ಸಿನಲ್ಲಿ ಒಪ್ಪಂದ ಮಾಡಿಕೊಂಡರೂ ಅದು ಕಾಗದದಲ್ಲೇ ಹೆಚ್ಚು ಉಳಿಯಿತು. 1961ರ ಜೂನಿನ ಒಂದು ರಾತ್ರಿ ಬೋಲ್ಝಾನೊ ಸುತ್ತ ಹತ್ತಾರು ವಿದ್ಯುತ್ ಕಂಬಗಳನ್ನು ಸಿಡಿಸಿದರು. ವಿಷಯ ವಿಶ್ವಸಂಸ್ಥೆ ತನಕ ಹೋಗಿ, 1972ರ ಸ್ವಾಯತ್ತತೆಯ ಕಾನೂನು ಬಂತು. ಸರಕಾರಿ ಕೆಲಸಕ್ಕೆ ಎರಡೂ ಭಾಷೆಯ ಪರೀಕ್ಷೆ, ಕೆಲಸಗಳು ಭಾಷಿಕರ ಸಂಖ್ಯೆಯ ಪ್ರಮಾಣದಲ್ಲಿ, ಶಾಲೆಗಳು ಬೇರೆ ಬೇರೆ. 1992ರಲ್ಲಿ ಆಸ್ಟ್ರಿಯಾ ಇನ್ನು ತಕರಾರಿಲ್ಲ ಅಂತ ಘೋಷಿಸಿತು. 2011ರ ಗಣತಿಯಲ್ಲಿ ಜರ್ಮನ್ ಸುಮಾರು 69, ಇಟಾಲಿಯನ್ 26, ಲಾದಿನ್ 4.5 ಶೇಕಡ. ಲಾದಿನ್ ಅಂದರೆ ಈ ಇಬ್ಬರ ನಡುವೆ ಡೋಲೊಮೈಟ್ ಬೆಟ್ಟಗಳ ಸಂದಿಯಲ್ಲಿ ಉಳಿದುಕೊಂಡ ಮೂರನೇ ಭಾಷೆ. ಆ ಕಣಿವೆಗಳಲ್ಲಿ ಬೋರ್ಡಿನ ಮೇಲೆ ಮೂರು ಹೆಸರು. "ಹಾಗಾದ್ರೆ ಅದು ತುಳು" ಅಂತ ಅಪ್ಪ ತೀರ್ಮಾನ ಕೊಟ್ಟರು.

ಶುಕ್ರವಾರ ಕ್ಲೌಸನ್. ಡ್ಯೂರರ್ ತನ್ನ ನೆಮೆಸಿಸ್ ಎಂಬ ಕೆತ್ತನೆ ಚಿತ್ರದ ಕೆಳಭಾಗದಲ್ಲಿ ಬಿಡಿಸಿದ್ದು ಈ ಊರನ್ನೇ. ಇಲ್ಲಿಂದ ಬೋಲ್ಝಾನೊ ತನಕ ಐಸಾಕ್ ನದಿಯ ಕೊರಕಲು. ಹಿಂದೆ ಇಲ್ಲಿ ದಾರಿಯೇ ಇರಲಿಲ್ಲ, ಪ್ರಯಾಣಿಕರು ಪಕ್ಕದ ರಿಟ್ಟೆನ್ ಗುಡ್ಡ ಹತ್ತಿ ಇಳಿಯಬೇಕಿತ್ತು. 1314ರಲ್ಲಿ ಹೈನ್ರಿಖ್ ಕುಂಟರ್ ಎಂಬ ವ್ಯಾಪಾರಿ ಅರಸನ ಹತ್ತಿರ ಅನುಮತಿ ಪಡೆದು ತನ್ನ ಖರ್ಚಿನಲ್ಲೇ ಕೊರಕಲಿನಲ್ಲಿ ದಾರಿ ಕಡಿಸಿ, ಸುಂಕ ಎತ್ತಿ ದುಡ್ಡು ವಾಪಸ್ ಪಡೆದ. ನಮ್ಮ ಈಗಿನ ಬಿಒಟಿ ರಸ್ತೆಗಳ ಮುತ್ತಜ್ಜ! ಆ ಶತಮಾನ ದಾಟಿ 1480ರ ದಶಕದಲ್ಲಿ ಸಿಡಿಮದ್ದು ಹಾಕಿ ಅಗಲ ಮಾಡಿದರು. ಈಗ ಅದೇ ಇಕ್ಕಟ್ಟಿನಲ್ಲಿ ಹಳೇ ರಸ್ತೆ, ನದಿ, ಮೋಟಾರುದಾರಿ ಒಂದಕ್ಕೊಂದು ಅಂಟಿಕೊಂಡಿವೆ, 1867ರ ರೈಲು ಹಳಿಯ ಹೆಚ್ಚಿನ ಭಾಗ ಈಗ ಸುರಂಗದೊಳಗೆ. ಸೈಕಲ್ಲಿನವರಿಗೆ ಹಳಿಯ ಹಳೇ ಜಾಗವೇ ದಾರಿ. ನಾವೂ ಕಾರು ನಿಲ್ಲಿಸಿ ಸ್ವಲ್ಪ ದೂರ ಅದರಲ್ಲಿ ನಡೆದೆವು.

ಬೋಲ್ಝಾನೊದ ಮ್ಯೂಸಿಯಮ್ಮಿನಲ್ಲಿ ಓಟ್ಸಿ ಇದ್ದಾನೆ. 1991ರ ಸೆಪ್ಟೆಂಬರಿನಲ್ಲಿ 3210 ಮೀಟರ್ ಎತ್ತರದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದೆ ಬೆನ್ನಿಗೆ ಬಾಣ ತಿಂದು ಸತ್ತ ಮನುಷ್ಯ. ಅವನನ್ನು ಮೊದಲು ಇನ್ಸ್‌ಬ್ರುಕ್ಕಿಗೆ ಒಯ್ದರು. ಆಮೇಲೆ ಸರ್ವೆ ಮಾಡಿದರೆ ಸಿಕ್ಕ ಜಾಗ ಇಟಲಿಯೊಳಗೆ 92.56 ಮೀಟರ್. ನೀರು ಇಬ್ಭಾಗವಾಗುವ ಗೆರೆಯೇ ಗಡಿ ಅಂತ 1919ರಲ್ಲಿ ಒಪ್ಪಿದ್ದರು, ಆದರೆ ಅಲ್ಲಿ ಹಿಮದ ರಾಶಿಯಿಂದಾಗಿ ಆ ಗೆರೆಯೇ ಕಾಣುತ್ತಿರಲಿಲ್ಲ. ಆ ತೊಂಬತ್ತೆರಡು ಮೀಟರಿನ ಲೆಕ್ಕದಿಂದ ಈಗ ಅವನು ಇಟಲಿಯ ಸೊತ್ತು. ಅವನು ಏನು ಭಾಷೆ ಮಾತಾಡುತ್ತಿದ್ದನೋ ಪಾಪ. ಊರಿನ ಇನ್ನೊಂದು ಕಡೆ ಫ್ಯಾಸಿಸ್ಟರು 1928ರಲ್ಲಿ ಕಟ್ಟಿದ ವಿಜಯ ಸ್ಮಾರಕ ಹಾಗೇ ನಿಂತಿದೆ, ನಾವು ಬಂದೇ ನಿಮಗೆ ಭಾಷೆ ಕಾನೂನು ಕಲಿಸಿದೆವು ಎಂಬ ಅರ್ಥದ ಜಂಭದ ಬರಹದೊಂದಿಗೆ. ಅದನ್ನು ಕೆಡವಲಿಲ್ಲ. 2014ರಲ್ಲಿ ಅದರ ಅಡಿಯಲ್ಲೇ ಆ ಕಾಲದ ಅನ್ಯಾಯಗಳನ್ನೆಲ್ಲ ಹೇಳುವ ಪ್ರದರ್ಶನ ತೆರೆದರು. ನಾನಾದರೆ ಕೆಡವುತ್ತಿದ್ದೆ. ಅಪ್ಪ, ಇದೇ ಸರಿ ಅಂದರು.

ಮುಂದೆ ಕಣಿವೆ ತುಂಬಾ ಸೇಬಿನ ತೋಟ. ಸಲೂರ್ನ್ ಎಂಬಲ್ಲಿ ಬೆಟ್ಟಗಳು ಹತ್ತಿರ ಬಂದು ಬಾಗಿಲಿನ ಹಾಗೆ ನಿಲ್ಲುತ್ತವೆ, ಭಾಷೆಯ ನಿಜವಾದ ಗಡಿ ಅದು. ದಾಟಿದ ಮೇಲೆ ಬೋರ್ಡುಗಳಲ್ಲಿ ಒಂದೇ ಹೆಸರು. ಗಯಟೆ, ಇನ್ನು ಮುಂದೆ ಬರೀ ಇಟಾಲಿಯನ್ ಮಾತು ಅಂತ ಖುಷಿಪಟ್ಟದ್ದು ಇನ್ನೂ ಸ್ವಲ್ಪ ಕೆಳಗೆ, ರೊವೆರೆತೋದಲ್ಲಿ. ಅಲ್ಲಿಂದ ಅವನು ದಾರಿ ಬಿಟ್ಟು ಗಾರ್ದಾ ಸರೋವರ ನೋಡಲು ತೊರ್ಬೊಲೆಗೆ ಹೋದ, ನಾವೂ ಹೋದೆವು. ಅವನ ಕಾಲದಲ್ಲಿ ದಂಡೆಯಲ್ಲಿ ಈಗಿನಂಥ ರಸ್ತೆ ಇಲ್ಲ, ದೋಣಿ. ಗಾಳಿ ತಿರುಗಿ ದೋಣಿ ಮಾಲ್ಚೆಸಿನೆಯಲ್ಲಿ ನಿಂತಿತು. ಪಾಳುಬಿದ್ದ ಕೋಟೆಯ ಚಿತ್ರ ಬಿಡಿಸುತ್ತಾ ಕೂತವನನ್ನು ಜನ ಮುತ್ತಿಕೊಂಡರು, ಒಬ್ಬ ಹಾಳೆ ಹರಿದೇ ಹಾಕಿದ. ಊರು ವೆನಿಸ್ಸಿನದ್ದು, ಪಕ್ಕದ ಊರು ಆಸ್ಟ್ರಿಯಾದ ಚಕ್ರವರ್ತಿಯದ್ದು. ಇವನು ಚಕ್ರವರ್ತಿಯ ಗೂಢಚಾರ ಅಂತ ಅನುಮಾನ. ಕೊನೆಗೆ ಗಯಟೆಯ ಹುಟ್ಟೂರು ಫ್ರಾಂಕ್‌ಫರ್ಟಿನಲ್ಲಿ ಹಿಂದೆ ಕೆಲಸ ಮಾಡಿದ್ದ ಗ್ರೆಗೊರಿಯೋ ಎಂಬವನು ಬಂದು ಊರಿನ ಪರಿಚಯದವರ ಸುದ್ದಿ ಕೇಳಿ, ಇವನು ಸರಿಯಾದ ಮನುಷ್ಯ ಅಂತ ಬಿಡಿಸಿದ. ಯುರೋಪಿನ ಯಾವ ಮೂಲೆಗೆ ಹೋದರೂ ಒಬ್ಬ ಮಲಯಾಳಿ ಸಿಗುತ್ತಾನಲ್ಲ, ಹಾಗೆ. ಈಗ ಆ ಕೋಟೆಯಲ್ಲಿ ಗಯಟೆಗೇ ಒಂದು ಕೋಣೆ ಇದೆ. ಅಪ್ಪ ಅಲ್ಲಿ ಮೆಟ್ಟಿಲ ಮೇಲೆ ಕೂತು ಕೋಟೆಯ ಚಿತ್ರ ಬಿಡಿಸಿದರು, ಶಾಲೆಯ ಬೋರ್ಡಿನ ಮೇಲೆ ನಕ್ಷೆ ಬಿಡಿಸುವ ಹಾಗೆ ಬೇಗ ಬೇಗ. ಯಾರೂ ಹರಿಯಲಿಲ್ಲ.

ವೆರೋನಾ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಇಟಲಿಯ ಹಳೇ ಪೇಟೆಗಳೊಳಗೆ ಹೊರಗಿನ ಕಾರು ನುಗ್ಗಬಾರದ ಬೀದಿಗಳಿರುತ್ತವೆ, ಕ್ಯಾಮೆರಾ ಇರುತ್ತದೆ. ನಾನು ಒಂದು ಊರಿನಲ್ಲಿ ಬೋರ್ಡು ನೋಡದೆ ನುಗ್ಗಿದೆ. ದಂಡದ ಚೀಟಿ ಮೂರು ತಿಂಗಳ ನಂತರ ಮನೆಗೆ ಬಂತು, ಒಂದೂ ತಪ್ಪಿಲ್ಲದ ಜರ್ಮನ್ನಿನಲ್ಲಿ!

ವಾಪಸ್ ಬರುವಾಗ ರಜೆ ಮುಗಿದಿತ್ತು, ಮೋಟಾರುದಾರಿಯಲ್ಲೇ ಬಂದೆವು. ಲೂಗ್ ಸೇತುವೆಯಲ್ಲಿ ಕ್ಯೂ. ಮರುದಿನ, ಸೆಪ್ಟೆಂಬರ್ 18ಕ್ಕೆ, ಬ್ರೆನ್ನರ್ ಕೆಳಗೆ ಕೊರೆಯುತ್ತಿರುವ ರೈಲು ಸುರಂಗದ ಮುನ್ನೋಟದ ಕೊಳವೆ ಎರಡೂ ಕಡೆಯಿಂದ ಬಂದು ಕೂಡಿಕೊಂಡಿತು ಅಂತ ಸುದ್ದಿ. 2032ಕ್ಕೆ ಮುಗಿಸುವ ಯೋಜನೆ, 55 ಕಿಮೀ, ಇನ್ಸ್‌ಬ್ರುಕ್ಕಿನ ಬೈಪಾಸು ಸೇರಿದರೆ 64. ಫೋರ್ಟೆಝ್ಝಾದಿಂದ ಇನ್ಸ್‌ಬ್ರುಕ್ಕಿಗೆ ಈಗಿನ 80 ನಿಮಿಷ 25ಕ್ಕೆ ಇಳಿಯುತ್ತದಂತೆ. ಲಾರಿಗಳ ಹೊಗೆ ಕುಡಿಯುವ ಆ ಕಣಿವೆಯ ಜನರಿಗೆ ಅದು ಬೇಗ ಆಗಲಿ.

ಅಪ್ಪ ಅಕ್ಟೋಬರಿನಲ್ಲಿ ಊರಿಗೆ ಹೋದರು. ಹೋದ ವಾರವೇ ಫೋನು. ಹಳೇ ಶಾಲೆಗೆ ಹೋಗಿ ಒಂಬತ್ತು ಮಕ್ಕಳಿಗೆ (ಈಗ ಏಳು) ಆಂಗೆಲಾ ನಿಕೊಲೆಟ್ಟಿಯ ಕಥೆ ಹೇಳಿದರಂತೆ. ಒಬ್ಬ ಹುಡುಗ ಎದ್ದು, "ಮೇಷ್ಟ್ರೇ, ಪೊಲೀಸರು ಬಂದಾಗ ಪುಸ್ತಕ ಎಲ್ಲಿ ಅಡಗಿಸ್ತಿದ್ರು?" ಅಂತ ಕೇಳಿದನಂತೆ. ಅದಕ್ಕೆ ಉತ್ತರ ಗೊತ್ತಿಲ್ಲ, ನೋಡಿ ಹೇಳು ಅಂದಿದ್ದಾರೆ. ಹುಡುಕುತ್ತಿದ್ದೇನೆ.